ಪಾತ್ರ ಸಿಕ್ಕ ಮೇಲೆ ಮನುಷ್ಯ ಬೇರೆ

ಉತ್ತರ ಬೆಂಗಳೂರಿನ ಬಾಗಲೂರು ದಾಟಿ ದೇವನಹಳ್ಳಿ, ಹೊಸಕೋಟೆ, ದೊಡ್ಡಬಳ್ಳಾಪುರದ ಹಳ್ಳಿಗಳ ಕಡೆ ಹೊರಟರೆ ಜಾತ್ರೆಗಳ ಕಾಲದಲ್ಲಿ ಊರ ಬಾಗಿಲಲ್ಲೇ ಒಂದು ಫ್ಲೆಕ್ಸ್ ಎದುರಾಗುತ್ತದೆ. ‘ಕುರುಕ್ಷೇತ್ರ ಅಥವಾ ಧರ್ಮರಾಜ್ಯ ಸ್ಥಾಪನೆ’ ಎಂಬ ದೊಡ್ಡ ಅಕ್ಷರ, ಸುತ್ತಲೂ ಕಿರೀಟ ತೊಟ್ಟ ಮುಖಗಳು, ಪ್ರತಿ ಮುಖದ ಕೆಳಗೆ ಪಾತ್ರದ ಹೆಸರು, ಅದರ ಕೆಳಗೆ ಪಾತ್ರಧಾರಿಯ ಹೆಸರು. ಗದೆ ಹಿಡಿದು ಮೀಸೆ ತಿರುವುತ್ತಿರುವ ದುರ್ಯೋಧನ ಹಗಲು ಹೊತ್ತು ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಓಡಿಸುವವನಿರಬಹುದು. ಭೀಷ್ಮನ ಬಿಳಿ ಗಡ್ಡದ ಹಿಂದೆ ಹಾಲಿನ ಡೇರಿಯ ಕಾರ್ಯದರ್ಶಿ ಇರಬಹುದು. ಕೃಷ್ಣ ದ್ರಾಕ್ಷಿ ತೋಟದವನು, ಕರ್ಣ ಗಾರೆ ಕೆಲಸದವನು ಆಗಿದ್ದರೂ ಆಶ್ಚರ್ಯವಿಲ್ಲ.

ಇವರಲ್ಲಿ ವೃತ್ತಿ ಕಲಾವಿದರು ಕಡಿಮೆ. ನೋಡುವವರು ಟಿಕೆಟ್‌ಗೆ ಕಾಸು ಕೊಡುವುದಿಲ್ಲ, ಆಡುವವರೇ ಕೊಡುತ್ತಾರೆ. ದುರ್ಯೋಧನ, ಕೃಷ್ಣ, ಕರ್ಣನಂಥ ದೊಡ್ಡ ಪಾತ್ರ ಬೇಕಿದ್ದವರು ಹೆಚ್ಚು ಹಾಕಬೇಕು, ಸಣ್ಣ ಪಾತ್ರದವರಿಗೆ ಕಡಿಮೆ. ಹೀಗೆ ಕೂಡಿಸಿದ ದುಡ್ಡಿನಲ್ಲಿ ಡ್ರಾಮಾ ಮೇಷ್ಟ್ರ ಸಂಭಾವನೆ, ಸೀನರಿಯವರ ಬಾಡಿಗೆ, ಮೇಕಪ್ಪು, ಮೈಕು, ಬೇರೆ ಊರಿಂದ ಬರುವ ಸ್ತ್ರೀ ಪಾತ್ರಧಾರಿಗಳ ಖರ್ಚು ಎಲ್ಲವೂ ಕಳೆಯಬೇಕು. ಒಂದು ರಾತ್ರಿಯ ಆಟಕ್ಕೆ ತಿಂಗಳುಗಟ್ಟಲೆ ಪ್ರಾಕ್ಟೀಸು. ಕೆಲಸ ಮುಗಿಸಿ, ಊಟ ಮಾಡಿ, ದೇವಸ್ಥಾನದ ಮುಂದೆಯೋ ಭಜನೆ ಮನೆಯಲ್ಲೋ ಸೇರಿದರೆ ಮೇಷ್ಟ್ರು ಹಾರ್ಮೋನಿಯಂ ಎದುರಿಗೆ ಕೂತು ಶ್ರುತಿ ಹಿಡಿಯುತ್ತಾರೆ. ಓದು ಬಾರದವರಿಗೆ ಕಿವಿಯೇ ಪುಸ್ತಕ. ಕಂದ, ವೃತ್ತ, ಹಾಡು, ಉದ್ದುದ್ದ ಮಾತು ಎಲ್ಲವನ್ನೂ ಕೇಳಿ ಕೇಳಿ ಬಾಯಿಪಾಠ ಮಾಡಿಕೊಳ್ಳುತ್ತಾರೆ.

ಈ ಹುಚ್ಚಿಗೆ ದೊಡ್ಡ ಪೂರ್ವಜರಿದ್ದಾರೆ. 1884ರಲ್ಲಿ ಶುರುವಾದ ಗುಬ್ಬಿ ನಾಟಕ ಕಂಪನಿ 1934ರಲ್ಲಿ ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ವನ್ನು ರಂಗಕ್ಕೆ ತಂದಾಗ ನಿಜವಾದ ಆನೆ, ಕುದುರೆಗಳೇ ವೇದಿಕೆ ಏರಿದ್ದವು. ಕಂಪನಿಗಳ ಕಾಲ ಮುಗಿಯಿತು, ಅವುಗಳ ಮಟ್ಟುಗಳು ಮಾತ್ರ ಹಳ್ಳಿಯ ಮೇಷ್ಟ್ರುಗಳ ಬೆರಳಲ್ಲಿ ಉಳಿದವು. ಬೆಂಗಳೂರು, ತುಮಕೂರು, ಮಂಡ್ಯ ಸೀಮೆಯಲ್ಲಿ ಇಂದಿಗೂ ಬೆಳಗಿನ ಜಾವದವರೆಗೆ ಯುದ್ಧ ನಡೆಯುತ್ತದೆ. ಒಂದು ಹಾಡು ಚೆನ್ನಾಗಿ ಬಂದರೆ ಜನ ‘ಒನ್ಸ್ ಮೋರ್’ ಎಂದು ಕೂಗುತ್ತಾರೆ, ನೆಂಟರು ವೇದಿಕೆ ಹತ್ತಿ ನೋಟಿನ ಹಾರ ಹಾಕುತ್ತಾರೆ. ಇದೆಲ್ಲ ಅಬ್ಬರ ಎಂದು ನಗರದವರು ಮೂಗು ಮುರಿಯುವುದುಂಟು. ಆದರೆ ಪ್ರಾಕ್ಟೀಸಿನ ಮೊದಲ ವಾರದ ಮನುಷ್ಯನನ್ನೂ ಆಟದ ರಾತ್ರಿಯ ಅದೇ ಮನುಷ್ಯನನ್ನೂ ನೋಡಿದವರು ಹಾಗೆ ಸುಲಭವಾಗಿ ತಳ್ಳಿಹಾಕಲಾರರು.

ಏನಾಗುತ್ತದೆ ಆ ತಿಂಗಳುಗಳಲ್ಲಿ? ಮೊದಲು ಗಂಟಲು ತೆರೆಯುತ್ತದೆ. ಪಂಚಾಯಿತಿ ಕಟ್ಟೆಯಲ್ಲಿ, ಬ್ಯಾಂಕಿನ ಕೌಂಟರಿನಲ್ಲಿ ತಲೆ ತಗ್ಗಿಸಿ ಅರ್ಧ ಮಾತಾಡುತ್ತಿದ್ದವನು ಊರೆಲ್ಲ ಕೇಳುವಂತೆ ಪೂರ್ತಿ ವಾಕ್ಯ ಹೇಳಬೇಕಾಗುತ್ತದೆ. ಈ ಸೀಮೆಯ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಅಂಥ ಮನೆಯಿಂದ ಬಂದವನೂ ರಂಗದ ಮೇಲೆ ಹಳೆಯ ಶೈಲಿಯ ಕನ್ನಡವನ್ನು ಉಸಿರು ಕಟ್ಟದೆ ನುಡಿಯುತ್ತಾನೆ. ಆಮೇಲೆ ನೆನಪು ಪಳಗುತ್ತದೆ, ಮೈಗೆ ನಿಲುವು ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು ಇನ್ನೊಂದಿದೆ: ಇವನು ಬಾರದಿದ್ದರೆ ಅಂದಿನ ಪ್ರಾಕ್ಟೀಸು ನಿಲ್ಲುತ್ತದೆ. ಶಕುನಿ ಇಲ್ಲದೆ ದುರ್ಯೋಧನನ ಸೀನು ಮುಂದೆ ಹೋಗದು. ಸಂದೇಶ ಕಳಿಸಿ, ಬೈಕು ಕಳಿಸಿ, ಮನೆ ಬಾಗಿಲಿಗೇ ಬಂದು ಕರೆದೊಯ್ಯುತ್ತಾರೆ. ‘ನೀನು ಬೇಕು’ ಎಂದು ಹತ್ತು ಜನ ಹೇಳುವ ಜಾಗ ವಯಸ್ಕರ ಬದುಕಿನಲ್ಲಿ ಹೆಚ್ಚಿಲ್ಲ. ಗುಂಪಿನಲ್ಲಿ ಕೂತು ಮಾಡುವ ಕಲೆ ಮನುಷ್ಯನನ್ನು ಬೆಳೆಸುವುದು ಮುಖ್ಯವಾಗಿ ಈ ದಾರಿಯಿಂದ. ಕಲೆ ಎಷ್ಟು ಚಂದ ಬಂತು ಎಂಬುದು ಆಮೇಲಿನ ಮಾತು.

ಹಳ್ಳಿಗಳು ಹೆಸರಿಡದೆ ಮಾಡಿಕೊಂಡು ಬಂದದ್ದಕ್ಕೆ ಪಶ್ಚಿಮದಲ್ಲಿ ಶಾಸ್ತ್ರವೇ ಹುಟ್ಟಿತು. ಬ್ರಿಟನ್ನಿನ ಚಿತ್ರಕಾರ ಏಡ್ರಿಯನ್ ಹಿಲ್ ಕ್ಷಯ ರೋಗಕ್ಕೆ ಚಿಕಿತ್ಸೆ ಪಡೆಯುತ್ತ ಸ್ಯಾನಟೋರಿಯಂನಲ್ಲಿ ಮಲಗಿದ್ದಾಗ ಚಿತ್ರ ಬರೆಯುವುದು ತನ್ನನ್ನು ಉಳಿಸುತ್ತಿದೆ ಎಂದು ಕಂಡುಕೊಂಡರು, ಜೊತೆಯ ರೋಗಿಗಳಿಗೂ ಕುಂಚ ಕೊಟ್ಟರು. 1942ರಲ್ಲಿ ಅದಕ್ಕೆ ಆರ್ಟ್ ಥೆರಪಿ ಎಂಬ ಹೆಸರು ಕೊಟ್ಟವರು ಅವರೇ. 1974ರಲ್ಲಿ ಅಮೆರಿಕದ ಲೆಸ್ಲಿ ಕಾಲೇಜಿನಲ್ಲಿ ಶಾನ್ ಮೆಕ್‌ನಿಫ್ ಚಿತ್ರ, ಹಾಡು, ನಾಟಕ, ಕುಣಿತ, ಬರಹ ಎಲ್ಲವನ್ನೂ ಒಟ್ಟಿಗೆ ಬಳಸುವ ಕಲಿಕೆಯನ್ನು ಆರಂಭಿಸಿದರು. ಮನಃಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಅವರ ಮಗಳು ನಟಾಲಿ ರೋಜರ್ಸ್ ಅಂಥ ಗುಂಪುಗಳನ್ನು ವರ್ಷಗಟ್ಟಲೆ ನಡೆಸಿದರು. ಮೊದಲು ಮೈ ಕುಣಿಯಲಿ, ಕುಣಿದ ಕೈ ಬಣ್ಣ ಹಚ್ಚಲಿ, ಹಚ್ಚಿದ ಬಣ್ಣ ನೋಡಿ ಮನಸ್ಸು ಬರೆಯಲಿ, ಒಂದು ಕಲೆ ಇನ್ನೊಂದಕ್ಕೆ ದಾರಿ ಬಿಡುತ್ತದೆ ಎಂಬುದು ಅವರ ಪದ್ಧತಿಯ ತಿರುಳು. ಗೀ ಗೀ ಪದ, ಬಯಲಾಟ, ಕೋಲಾಟ ನೋಡಿ ಬೆಳೆದ ಕನ್ನಡಿಗರಿಗೆ ಇದು ಹೊಸತೆನಿಸದು. ಹಾಡು, ಕುಣಿತ, ಮಾತು, ಬಣ್ಣಗಳನ್ನು ನಮ್ಮ ಜನಪದ ಎಂದೂ ಬೇರೆ ಬೇರೆ ಕೋಣೆಯಲ್ಲಿ ಕೂಡಿಹಾಕಿರಲಿಲ್ಲ.

ಅಧ್ಯಯನಗಳು ಹೇಳುವುದೇನು ಎಂಬುದನ್ನೂ ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ 3000ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗಿಟ್ಟು ಒಂದು ವರದಿ ತಂದಿತು. ಕಾಯಿಲೆ ಬಾರದಂತೆ ತಡೆಯುವುದರಲ್ಲೂ ಬಂದ ಕಾಯಿಲೆಯನ್ನು ನಿಭಾಯಿಸುವುದರಲ್ಲೂ ಕಲೆಗೆ ದೊಡ್ಡ ಪಾಲಿದೆ ಎಂಬುದು ಅದರ ತೀರ್ಮಾನ. 2016ರಲ್ಲಿ ಫಿಲಡೆಲ್ಫಿಯಾದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಗಿರಿಜಾ ಕೈಮಲ್ ಮತ್ತು ಸಂಗಡಿಗರು 39 ಮಂದಿಗೆ 45 ನಿಮಿಷ ಜೇಡಿ, ಮಾರ್ಕರ್, ಕಾಗದ ಕೊಟ್ಟು ಬೇಕಾದ್ದು ಮಾಡಿ ಎಂದರು. ಒತ್ತಡದ ಸಮಯದಲ್ಲಿ ಏರುವ ಕಾರ್ಟಿಸೋಲ್ ಎಂಬ ಹಾರ್ಮೋನು ಸುಮಾರು ಮುಕ್ಕಾಲು ಪಾಲು ಜನರ ಎಂಜಲಿನಲ್ಲಿ ಇಳಿದಿತ್ತು. ಮೊದಲೇ ಕಲೆ ಕಲಿತವರಿಗೂ ಅಂದೇ ಕೈ ಹಾಕಿದವರಿಗೂ ಇದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅಧ್ಯಯನ ಚಿಕ್ಕದು, ಹೋಲಿಸಿ ನೋಡಲು ಬೇರೆ ಗುಂಪು ಇರಲಿಲ್ಲ. ಆದ್ದರಿಂದ ಅದರ ಮೇಲೆ ದೊಡ್ಡ ಮನೆ ಕಟ್ಟುವುದು ಬೇಡ.

ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಆಕ್ಸ್‌ಫರ್ಡಿನ ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನ. ಹಾಡುವುದು, ಕೈಕಸುಬು, ಬರವಣಿಗೆ ಕಲಿಯಲು ಬಂದ ಅಪರಿಚಿತರ ತರಗತಿಗಳನ್ನು ಅವರು ಏಳು ತಿಂಗಳು ಗಮನಿಸಿದರು. ಮೊದಲ ತಿಂಗಳಲ್ಲೇ ಹಾಡುವ ಗುಂಪಿನವರು ಒಬ್ಬರಿಗೊಬ್ಬರು ಹತ್ತಿರವಾದರು, ಉಳಿದವರು ಹಿಂದೆ ಬಿದ್ದರು. ಏಳು ತಿಂಗಳಾಗುವ ಹೊತ್ತಿಗೆ ಎಲ್ಲ ಗುಂಪುಗಳ ಆಪ್ತತೆಯೂ ಒಂದೇ ಮಟ್ಟಕ್ಕೆ ಬಂದಿತ್ತು. ಒಟ್ಟಿಗೆ ದನಿ ಎತ್ತುವುದು ಸಂಕೋಚವನ್ನು ಬೇಗ ಒಡೆಯುತ್ತದೆ, ಆದರೆ ಆಳ ಬರುವುದು ಅದೇ ಮುಖಗಳ ಜೊತೆ ತಿಂಗಳುಗಟ್ಟಲೆ ಕೂತಾಗಲೇ ಎಂದು ಇದರಿಂದ ತಿಳಿಯುತ್ತದೆ. ಹಾರ್ಮೋನಿಯಂ ಸುತ್ತ ಕೂಡಿ ಹಾಡಿ, ನಂತರ ತಿಂಗಳುಗಟ್ಟಲೆ ಪ್ರಾಕ್ಟೀಸು ಮಾಡುವ ನಮ್ಮ ಹಳ್ಳಿಯ ಕ್ರಮದಲ್ಲಿ ಎರಡೂ ಇವೆ.

ಪಾತ್ರವೊಂದು ಮನುಷ್ಯನನ್ನು ಎಷ್ಟು ದೂರ ಕರೆದೊಯ್ಯಬಲ್ಲದು ಎಂಬುದಕ್ಕೆ ಕರ್ನಾಟಕದ ಜೈಲುಗಳಿಗಿಂತ ಗಟ್ಟಿಯಾದ ಸಾಕ್ಷಿ ಇನ್ನೊಂದಿಲ್ಲ. ಮೈಸೂರು ರಂಗಾಯಣದ ಕಲಾವಿದ ಹುಲಗಪ್ಪ ಕಟ್ಟೀಮನಿ 1990ರ ದಶಕದ ಕೊನೆಯಿಂದ ಕೈದಿಗಳ ಜೊತೆ ನಾಟಕ ಕಟ್ಟುತ್ತ ಬಂದರು. ಅವರ ‘ಸಂಕಲ್ಪ’ ತಂಡದ ಮೂಲಕ ಜೀವಾವಧಿ ಶಿಕ್ಷೆಗೆ ಒಳಗಾದವರು ಗಿರೀಶ ಕಾರ್ನಾಡರ ‘ತಲೆದಂಡ’ ಆಡಿದರು; ಮ್ಯಾಕ್‌ಬೆತ್‌ನಿಂದ ಎಚ್.ಎಸ್. ಶಿವಪ್ರಕಾಶ್ ಕನ್ನಡಕ್ಕೆ ತಂದ ‘ಮಾರನಾಯಕ’ವನ್ನೂ ಆಡಿದರು. ಜೈಲಿನ ಗೋಡೆಯೊಳಗೆ ಮಾತ್ರವಲ್ಲ, ಪೊಲೀಸ್ ಕಾವಲಿನಲ್ಲಿ ಹೊರಗಿನ ರಂಗಮಂದಿರಗಳಿಗೂ ಬಂದು, ಟಿಕೆಟ್ ಕೊಂಡು ಕೂತ ಜನರ ಎದುರಿಗೇ ಆಡಿದರು.

‘ಮಾರನಾಯಕ’ವನ್ನು ಆರಿಸಿಕೊಂಡದ್ದರ ತೂಕವನ್ನು ಯೋಚಿಸಬೇಕು. ಆಸೆಗೆ ಬಿದ್ದು ಕೊಲೆ ಮಾಡಿದವನ ಕೈಯ ರಕ್ತ ಎಷ್ಟು ತೊಳೆದರೂ ಹೋಗದ ಕಥೆ ಅದು. ಅದನ್ನು ಆಡುತ್ತಿರುವವರಲ್ಲಿ ಕೊಲೆಯ ಅಪರಾಧಕ್ಕೇ ಶಿಕ್ಷೆ ಅನುಭವಿಸುತ್ತಿರುವವರಿದ್ದರು. ‘ನಿನ್ನ ತಪ್ಪು ಹೇಳು’ ಎಂದು ಕೂರಿಸಿ ಕೇಳಿದರೆ ಬಾಯಿ ಬಿಡದ ಮನುಷ್ಯ, ಬೇರೊಬ್ಬನ ಹೆಸರಿನಲ್ಲಿ, ಬೇರೊಬ್ಬ ಬರೆದ ಮಾತಿನಲ್ಲಿ ಅದರ ಮುಂದೆ ನಿಲ್ಲಬಲ್ಲ. ತಮ್ಮನ್ನು ಕೈದಿ ನಂಬರಿನಿಂದ ಗುರುತಿಸುತ್ತಿದ್ದ ಲೋಕ ನಟರೆಂದು ನೋಡಿ ಚಪ್ಪಾಳೆ ತಟ್ಟುವುದನ್ನೂ ಅವರು ಅದೇ ರಾತ್ರಿ ಕಂಡರು. ಬಣ್ಣ ಕಳಚಿ ಅವರು ಮರಳಿದ್ದು ಜೈಲಿಗೇ. ನಾಟಕ ಆಡಿದ ಮಾತ್ರಕ್ಕೆ ಶಿಕ್ಷೆ ಮುಗಿಯುವುದಿಲ್ಲ ಎಂಬುದು ನಿಜ. ಆದರೂ ಉಳಿದ ದಿನಗಳನ್ನು ಕಳೆಯುವ ಮನುಷ್ಯ ಬೇರೆಯವನಾಗಿರುತ್ತಾನೆ.

ಹಾಗೆ ಗುಂಪಿನಲ್ಲಿ ಹೊಸ ಹುಟ್ಟು ಪಡೆದವರಲ್ಲಿ ಮಂಜಮ್ಮ ಜೋಗತಿ ಅವರ ಹೆಸರು ಕರ್ನಾಟಕಕ್ಕೆಲ್ಲ ಗೊತ್ತು. ಮನೆಯಿಂದ ದೂರವಾಗಿ, ಭಿಕ್ಷೆ ಬೇಡಿ ಬದುಕಿದ ದಿನಗಳ ನಂತರ ಅವರ ಕೈ ಹಿಡಿದದ್ದು ಜೋಗತಿ ನೃತ್ಯ. ತಲೆಯ ಮೇಲೆ ಕೊಡ ಹೊತ್ತು ಕುಣಿಯುವ ಆ ಕಲೆಯನ್ನು ಕಲಿತು ಕಾಳವ್ವ ಜೋಗತಿ ಅವರ ತಂಡ ಸೇರಿದರು, ಯಲ್ಲಮ್ಮನ ಕಥೆಯನ್ನು ಊರೂರಿಗೆ ಒಯ್ದರು, ಕಾಳವ್ವನವರ ನಂತರ ತಂಡವನ್ನು ತಾವೇ ಮುನ್ನಡೆಸಿದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಆ ಸ್ಥಾನಕ್ಕೆ ಬಂದ ಮೊದಲ ಲಿಂಗತ್ವ ಅಲ್ಪಸಂಖ್ಯಾತರು ಅವರು. 2021ರಲ್ಲಿ ಪದ್ಮಶ್ರೀ ಬಂತು.

ಬೆಂಗಳೂರಿನಲ್ಲೇ ಇನ್ನೊಂದು ಗುಂಪು ಗೋಡೆಗಳ ಮೇಲೆ ಕೆಲಸ ಮಾಡುತ್ತಿದೆ. ಕಲಾವಿದೆ ಪೂರ್ಣಿಮಾ ಸುಕುಮಾರ್ 2016ರಲ್ಲಿ ಆರಂಭಿಸಿದ ಅರವಾನಿ ಆರ್ಟ್ ಪ್ರಾಜೆಕ್ಟ್‌ನಲ್ಲಿ ಟ್ರಾನ್ಸ್ ಮಹಿಳೆಯರೂ ಇತರ ಮಹಿಳೆಯರೂ ಸೇರಿ ದೊಡ್ಡ ದೊಡ್ಡ ಗೋಡೆ ಚಿತ್ರ ಬರೆಯುತ್ತಾರೆ. ಕೆ.ಆರ್. ಮಾರುಕಟ್ಟೆಯ ಬಳಿ ಅವರು ಬರೆದ ಚಿತ್ರದಲ್ಲಿ ‘ನಾವು ಇದ್ದೇವೆ’ ಎಂಬ ಎರಡೇ ಪದ ಸಾಕಾಯಿತು. ಸಿಗ್ನಲ್ಲಿನಲ್ಲಿ ಕಾರಿನ ಗಾಜು ಏರಿಸಿಕೊಂಡು ಮುಖ ತಿರುಗಿಸುವ ಊರಿನಲ್ಲೇ, ಹಗಲು ಬೆಳಕಿನಲ್ಲಿ ಏಣಿ ಹತ್ತಿ ನಿಂತು, ದಾರಿಹೋಕರು ನಿಂತು ನೋಡುವಂತೆ ಬಣ್ಣ ಹಚ್ಚುವುದು ಸಣ್ಣ ಧೈರ್ಯವಲ್ಲ. ಒಬ್ಬಳೇ ಆಗಿದ್ದರೆ ಬಹುಶಃ ಯಾರೂ ಹತ್ತುತ್ತಿರಲಿಲ್ಲ. ಪಕ್ಕದಲ್ಲಿ ಇನ್ನೊಬ್ಬಳು ಡಬ್ಬಿ ಹಿಡಿದು ನಿಂತಿದ್ದರಿಂದ ಹತ್ತಿದರು. 2024ರ ವೆನಿಸ್ ಬಿನಾಲೆಯ ಗೋಡೆಯ ಮೇಲೂ ಈ ಗುಂಪಿನ ಚಿತ್ರ ಮೂಡಿತು.

ಬಾಗಲೂರಿನ ಮಾತಿಗೆ ಮರಳಿದರೆ, 2008ರಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಈ ಸೀಮೆಯ ಮುಖವೇ ಬದಲಾಯಿತು. ರಾಗಿ ಹೊಲ, ದ್ರಾಕ್ಷಿ ತೋಟ ಇದ್ದಲ್ಲಿ ಬಡಾವಣೆಗಳು ಎದ್ದಿವೆ, ಹೆಣ್ಣೂರು–ಬಾಗಲೂರು ರಸ್ತೆಯ ಎರಡೂ ಬದಿಯಲ್ಲಿ ಅಪಾರ್ಟ್‌ಮೆಂಟುಗಳು ನಿಂತಿವೆ. ಹೊಸದಾಗಿ ಬಂದವರಿಗೆ ಪಕ್ಕದ ಫ್ಲ್ಯಾಟಿನವರ ಹೆಸರು ತಿಳಿಯದು, ಹಳಬರಿಗೆ ಊರೇ ಗುರುತು ಸಿಗದು. ಇಬ್ಬರದೂ ಒಂಟಿತನವೇ, ಬಗೆ ಬೇರೆ.

ಕಲೆಯ ಮೂಲಕ ಜನರನ್ನು ಕೂಡಿಸುವ ಕೆಲಸಕ್ಕೆ ಉತ್ತರ ಬೆಂಗಳೂರಿನಲ್ಲಿ ಕೊರತೆಯೇನಿಲ್ಲ. ಕೊತ್ತನೂರಿನಿಂದ ದೊಡ್ಡಗುಬ್ಬಿ ಕಡೆ ಹೋಗುವ ಕೆಆರ್‌ಸಿ ರಸ್ತೆಯಲ್ಲಿ 1989ರಿಂದ ಸಾಮಾಜಿಕ ನ್ಯಾಯಕ್ಕಾಗಿ ದುಡಿಯುತ್ತಿರುವ ವಿಸ್ತಾರ್ ಸಂಸ್ಥೆಯ ಆವರಣವಿದೆ. ಅಲ್ಲಿ ನಡೆಯುವ ಭೂಮಿ ಹಬ್ಬದಲ್ಲಿ ಹಾಡು, ನಾಟಕ, ಚಿತ್ರ, ಕೈಕೆಲಸಗಳ ಸುತ್ತ ಮಕ್ಕಳು, ದೊಡ್ಡವರು ಸೇರುತ್ತಾರೆ. ಯಲಹಂಕದಲ್ಲಿ ಸೃಷ್ಟಿ ಕಲಾ ಶಾಲೆ ಇದೆ. ಆಚೆ ಹೆಸರಘಟ್ಟದಲ್ಲಿ ಪ್ರೊತಿಮಾ ಬೇಡಿ 1990ರಲ್ಲಿ ಕಟ್ಟಿದ ನೃತ್ಯಗ್ರಾಮ ಸುತ್ತಲಿನ ಹಳ್ಳಿಯ ಮಕ್ಕಳಿಗೂ ನೃತ್ಯ ಕಲಿಸುತ್ತ ಬಂದಿದೆ. ಇನ್ನು ವಾರಾಂತ್ಯದ ಕಾರ್ಯಾಗಾರಗಳಂತೂ ಸಾಲು ಸಾಲು: ಮಂಡಲ ಚಿತ್ರ, ಜೇಡಿ ಮಡಕೆ, ಗುಂಪಾಗಿ ಡ್ರಮ್ ಬಾರಿಸುವುದು.

ಒಂದು ಮಧ್ಯಾಹ್ನದ ಕಾರ್ಯಾಗಾರ ಮನಸ್ಸನ್ನು ಹಗುರ ಮಾಡುತ್ತದೆ, ಅದರಲ್ಲಿ ಅನುಮಾನವಿಲ್ಲ. ಡ್ರೆಕ್ಸೆಲ್‌ನ 45 ನಿಮಿಷ ಹೇಳಿದ್ದೂ ಅಷ್ಟನ್ನೇ. ಬೆಳವಣಿಗೆ ಬೇಕಿದ್ದವರು ಏಳು ತಿಂಗಳ ಗುಂಪನ್ನು ಹುಡುಕಬೇಕು. ವಾರಕ್ಕೊಮ್ಮೆಯಾದರೂ ಅದೇ ಜನ ಸೇರಬೇಕು. ಗುಂಪು ನಡೆಸುವವರು ಯಾರ ಚಿತ್ರ ಚೆನ್ನ, ಯಾರ ದನಿ ಚೆನ್ನ ಎಂದು ಅಂಕ ಹಾಕಬಾರದು. ಯಾರನ್ನೂ ‘ನಿಮ್ಮ ನೋವು ಹೇಳಿಕೊಳ್ಳಿ’ ಎಂದು ಒತ್ತಾಯಿಸಬಾರದು. ಹೇಳುವ ಹೊತ್ತು ಬಂದಾಗ ಅದು ಹಾಡಿನಲ್ಲೋ ಬಣ್ಣದಲ್ಲೋ ತಾನೇ ಬರುತ್ತದೆ. ಕೊನೆಗೊಂದು ದಿನ ಮಾಡಿದ್ದನ್ನು ನಾಲ್ಕು ಜನರ ಮುಂದೆ ಇಡುವಂತಿರಬೇಕು. ಊರ ಮುಂದೆ ಆಡುವ ದಿನವೊಂದು ಇದೆ ಎಂಬ ಭಯವೇ ಪ್ರಾಕ್ಟೀಸಿಗೆ ಜೀವ ಕೊಡುತ್ತದೆ ಎಂಬುದು ಯಾವ ಡ್ರಾಮಾ ಮೇಷ್ಟ್ರಿಗೂ ಗೊತ್ತು.

ಇದರ ಮಿತಿಯನ್ನೂ ಹೇಳದೆ ಬಿಟ್ಟರೆ ಅನ್ಯಾಯ. ಖಿನ್ನತೆ ಗಟ್ಟಿಯಾಗಿ ಹಿಡಿದವರಿಗೆ, ಸಾಯಬೇಕೆಂಬ ಯೋಚನೆ ಬರುವವರಿಗೆ ನಾಟಕ, ಚಿತ್ರ ಔಷಧಕ್ಕೆ ಬದಲಿಯಲ್ಲ. ಅಂಥವರ ನೆರವಿಗೆ 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಯಾವ ಹೊತ್ತಿನಲ್ಲಿ ಕರೆ ಮಾಡಿದರೂ ಕನ್ನಡದಲ್ಲೇ ಮಾತಾಡಬಹುದು. ಹಳ್ಳಿಯ ನಾಟಕದಲ್ಲೂ ಕೊರತೆಗಳಿವೆ. ಪಾತ್ರಕ್ಕಾಗಿ ಸಾಲ ಮಾಡಿದವರಿದ್ದಾರೆ. ದುಡ್ಡಿದ್ದವನಿಗೇ ದೊಡ್ಡ ಪಾತ್ರ ಎಂಬುದು ಸರಿಯಾದ ಲೆಕ್ಕವಲ್ಲ. ಊರಿನ ಹೆಣ್ಣುಮಕ್ಕಳು ಚಾಪೆ ಹಾಸಿ ನೋಡುವವರಾಗಿ ಉಳಿದು, ದ್ರೌಪದಿ, ಕುಂತಿಯರು ಮಾತ್ರ ಹೊರಗಿನಿಂದ ಬರುವ ಪದ್ಧತಿಯಲ್ಲಿ ಊರಿನ ಅರ್ಧ ಜನಕ್ಕೆ ಈ ಬೆಳವಣಿಗೆಯ ಬಾಗಿಲೇ ಮುಚ್ಚಿದೆ. ಈಚೆಗೆ ಮಹಿಳೆಯರೇ ದುರ್ಯೋಧನ, ಭೀಮರಾಗಿ ಮೀಸೆ ಅಂಟಿಸಿಕೊಂಡು ಪೌರಾಣಿಕ ನಾಟಕ ಆಡುತ್ತಿರುವುದು ನಿಜಕ್ಕೂ ಸಂತೋಷದ ಸುದ್ದಿ. ಅದು ಪ್ರತಿ ಊರಿಗೂ ಬರಬೇಕು.

ಬಾಗಲೂರಿನ ಅಪಾರ್ಟ್‌ಮೆಂಟುಗಳಲ್ಲಿ ವಾರವೆಲ್ಲ ಖಾಲಿ ಬಿದ್ದಿರುವ ಪಾರ್ಟಿ ಹಾಲುಗಳಿವೆ. ಗೇಟಿನಾಚೆಯ ಹಳ್ಳಿಯಲ್ಲಿ ಹಾರ್ಮೋನಿಯಂ ಇದೆ, ಮೇಷ್ಟ್ರಿದ್ದಾರೆ, ನೂರಾರು ರಂಗಗೀತೆ ಬಾಯಲ್ಲೇ ಇರುವ ಹಿರಿಯರಿದ್ದಾರೆ. ನಿವಾಸಿಗಳ ಸಂಘಗಳು ವಾರದಲ್ಲಿ ಒಂದು ಸಂಜೆ ಆ ಹಾಲಿನ ಬೀಗ ತೆಗೆದು, ಆ ಮೇಷ್ಟ್ರಿಗೆ ತಕ್ಕ ಸಂಭಾವನೆ ಕೊಟ್ಟು ಕರೆಸಲಿ. ಮನೆಗೆಲಸಕ್ಕೆ ಬರುವ ಅಕ್ಕಂದಿರು, ಸೆಕ್ಯುರಿಟಿಯ ಅಣ್ಣಂದಿರು, ಐಟಿ ಕಂಪನಿಯವರು, ನಿವೃತ್ತರು ಎಲ್ಲರಿಗೂ ಪಾತ್ರ ಹಂಚಲಿ. ಅದಾಗುವವರೆಗೆ ಕಾಯಬೇಕಿಲ್ಲ: ಮುಂದಿನ ಜಾತ್ರೆಯ ಫ್ಲೆಕ್ಸ್ ಕಂಡಾಗ ಆ ಊರಿನಲ್ಲಿ ಪ್ರಾಕ್ಟೀಸು ಎಲ್ಲಿ ನಡೆಯುತ್ತದೆ ಎಂದು ವಿಚಾರಿಸಿ, ಒಂದು ರಾತ್ರಿ ಹೋಗಿ ಕೂತು ನೋಡಿ, ಮುಂದಿನ ವರ್ಷದ ಆಟಕ್ಕೆ ನಿಮ್ಮ ಹೆಸರು ಕೊಟ್ಟು ಬನ್ನಿ.